ಬೆಟ್ಟ ಕೇಳಿದ ವ್ಯಾಪಾರಿ

ಕೊರಿಯಾದ ಐತಿಹಾಸಿಕ ಧಾರಾವಾಹಿಗಳಲ್ಲಿ ರಾಜರಾಣಿಯರಿಗೆ, ಮಂತ್ರಿಗಳ ಒಳಸಂಚಿಗೆ ಬರವಿಲ್ಲ. ವಿಷದ ಬಟ್ಟಲು ಯಾರ ಮುಂದೆ ಬಂತು, ಪಟ್ಟ ಯಾರ ಪಾಲಾಯಿತು ಎನ್ನುವಷ್ಟರಲ್ಲಿ ಐವತ್ತು ಕಂತು ಮುಗಿದಿರುತ್ತವೆ. ಅಕ್ಕಿಯ ಧಾರಣೆ ಏನಿತ್ತು, ಹಡಗಿನಲ್ಲಿ ಬಂದ ಮಾಲು ಯಾರ ದಾಸ್ತಾನಿಗೆ ಹೋಯಿತು, ಸಾಲಕ್ಕೆ ಯಾರು ಜಾಮೀನು ನಿಂತರು ಎಂದು ಕೇಳುವ ಕಥೆಗಳು ಕಡಿಮೆ. ಅದಕ್ಕೇ 2010ರಲ್ಲಿ ಕೆಬಿಎಸ್ ವಾಹಿನಿ ಮಾರ್ಚ್‌ನಿಂದ ಜೂನ್‌ವರೆಗೆ ವಾರಾಂತ್ಯಗಳಲ್ಲಿ ಪ್ರಸಾರ ಮಾಡಿದ ‘ಮಹಾ ವ್ಯಾಪಾರಿ ಕಿಮ್ ಮಾನ್‌ದೊಕ್’ ನನಗೆ ಅಚ್ಚುಮೆಚ್ಚು. ಮೂವತ್ತೇ ಕಂತು. ನಾಯಕಿ ಲೀ ಮಿಯೊನ್. ಕಥೆ ನಡೆಯುವುದು ಹದಿನೆಂಟನೇ ಶತಮಾನದಲ್ಲಿ, ಕೊರಿಯಾದ ದಕ್ಷಿಣ ಸಮುದ್ರದಲ್ಲಿರುವ ಜೇಜು ದ್ವೀಪದ ಸುತ್ತ. ನಾಯಕಿ ಕಲ್ಪನೆಯವಳಲ್ಲ. 1739ರಲ್ಲಿ ಹುಟ್ಟಿ 1812ರಲ್ಲಿ ತೀರಿಕೊಂಡ, ರಾಜದಾಖಲೆಯಲ್ಲೇ ಹೆಸರಿರುವ ಹೆಣ್ಣುಮಗಳು.

ನಾನು ಅಡತಿ ಅಂಗಡಿಯ ಮನೆಯಲ್ಲಿ ಬೆಳೆದವಳು. ದಾವಣಗೆರೆಯ ಮಂಡಿಯಲ್ಲಿ ಅಪ್ಪ ಮಾಡುತ್ತಿದ್ದ ಕೆಲಸಕ್ಕೂ ಮಾನ್‌ದೊಕ್ ಬಂದರಿನಲ್ಲಿ ಮಾಡುತ್ತಿದ್ದ ಕೆಲಸಕ್ಕೂ ಹೆಚ್ಚು ಅಂತರವಿಲ್ಲ. ಕೊರಿಯಾದಲ್ಲಿ ಇಂಥ ಅಂಗಡಿಗೆ ಗೆಕ್‌ಜು ಎಂದು ಹೆಸರಿತ್ತು. ದೂರದಿಂದ ಮಾಲು ತಂದವನಿಗೆ ಉಳಿಯಲು ಜಾಗ, ಊಟ, ಮಾಲು ಇಡಲು ಕೋಠಿ, ಕೈಗೆ ಒಂದಿಷ್ಟು ಮುಂಗಡ. ಮಾಲು ಮಾರಿಸಿಕೊಟ್ಟ ಮೇಲೆ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಡುವುದು. ನಮ್ಮಲ್ಲಿ ರೈತ ಚೀಲ ಇಳಿಸಿ ರಾತ್ರಿ ಜಗಲಿಯ ಮೇಲೆ ಮಲಗುತ್ತಿದ್ದ, ಅಲ್ಲಿ ನಾವಿಕ ಮಲಗುತ್ತಿದ್ದ. ಇಬ್ಬರಿಗೂ ಬೇಕಾದದ್ದು ಒಂದೇ, ನಂಬಿಕೆ. ತೂಕದಲ್ಲಿ ಮೋಸವಿಲ್ಲ, ಧಾರಣೆ ಮುಚ್ಚಿಡುವುದಿಲ್ಲ, ಹೇಳಿದ ದಿನ ಹಣ ಸಿಗುತ್ತದೆ ಎಂಬ ಮಾತು ಹಬ್ಬಿದರೆ ಅಂಗಡಿ ನಡೆಯಿತು, ಇಲ್ಲವಾದರೆ ಇಲ್ಲ.

ಅಮ್ಮ ಈ ಧಾರಾವಾಹಿಯನ್ನು ನನ್ನ ಜೊತೆ ಕೂತು ನೋಡಿದಳು. ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಅಳುವ ದೃಶ್ಯಗಳಿಗೆ ನನ್ನ ಅನುವಾದ ಅವಳಿಗೆ ಬೇಕಾಗಲಿಲ್ಲ. ಅರ್ಧ ಕಥೆ ಕಳೆದ ಮೇಲೆ ಅವಳು ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

“ಅಲ್ಲೇ, ಇಷ್ಟು ದೊಡ್ಡ ವ್ಯಾಪಾರಸ್ಥೆ ಅಂತಾರೆ, ಒಂದಿನಾನೂ ಕೂತು ಕಿರ್ದಿ ಬರೆದಿದ್ದು ತೋರಿಸ್ಲಿಲ್ವಲ್ಲ?”

“ಪ್ರೀತಿ, ದ್ವೇಷ ಇಲ್ದಿದ್ರೆ ಜನ ನೋಡಲ್ವಂತೆ ಅಮ್ಮ.”

“ಯಾಕೆ ನೋಡಲ್ಲ? ನಿಮ್ಮಪ್ಪ ಕಿರ್ದಿ ಬರೆಯೋದನ್ನ ನಾನು ಜೀವಮಾನ ಪೂರ್ತಿ ನೋಡಿಲ್ವಾ?”

ಅಮ್ಮನ ಆಕ್ಷೇಪಣೆ ನ್ಯಾಯವಾದದ್ದು. ಧಾರಾವಾಹಿಯಲ್ಲಿ ಮಾನ್‌ದೊಕ್‌ಗೆ ಒಬ್ಬ ಪ್ರೇಮಿ ಇದ್ದಾನೆ, ಚಿಕ್ಕಂದಿನಿಂದ ಹಗೆ ಸಾಧಿಸುವ ಒಬ್ಬಳು ಪ್ರತಿಸ್ಪರ್ಧಿ ಇದ್ದಾಳೆ, ಹಣಕ್ಕಾಗಿ ಏನು ಮಾಡಲೂ ಹೇಸದ ದುಷ್ಟ ವ್ಯಾಪಾರಿಗಳಿದ್ದಾರೆ. ಎಲ್ಲರೂ ಚೆನ್ನಾಗಿಯೇ ನಟಿಸಿದ್ದಾರೆ. ಎಳೆಯ ಮಾನ್‌ದೊಕ್ ಆಗಿ ಬರುವ ಶಿಮ್ ಉನ್‌ಗ್ಯೊಂಗ್‌ಳಂತೂ ಕಣ್ಣಲ್ಲೇ ಎಲ್ಲವನ್ನೂ ಹೇಳುವ ಹುಡುಗಿ. ಅವಳನ್ನು ಸಾಕುವ ಅಜ್ಜಿಯ ಪಾತ್ರದಲ್ಲಿ ಗೊ ದುಶಿಮ್. ಈಕೆ ಹುಟ್ಟಿದ್ದೇ ಜೇಜುವಿನಲ್ಲಿ. 1976ರಲ್ಲಿ ಎಂಬಿಸಿ ವಾಹಿನಿಯ ಇನ್ನೊಂದು ಧಾರಾವಾಹಿಯಲ್ಲಿ ಮಾನ್‌ದೊಕ್ ಪಾತ್ರ ಮಾಡಿದ್ದವರೂ ಈಕೆಯೇ. ಮೂವತ್ತನಾಲ್ಕು ವರ್ಷದ ಹಿಂದೆ ತಾನು ಆಡಿದ ಪಾತ್ರಕ್ಕೆ ಈಗ ಇನ್ನೊಬ್ಬಳನ್ನು ತಿದ್ದಿ ಬೆಳೆಸುವ ಮುದುಕಿಯಾಗಿ ಆಕೆ ತೆರೆಯ ಮೇಲೆ ಕೂತಿದ್ದನ್ನು ಕಂಡರೆ ಮನಸ್ಸು ತುಂಬಿ ಬರುತ್ತದೆ.

ಕೊರಿಯಾದ ವ್ಯಾಪಾರಿಗಳ ಕಥೆ ನಮಗೆ ಪೂರಾ ಹೊಸದೇನಲ್ಲ. 2006ರ ಸುಮಾರಿಗೆ ದೂರದರ್ಶನದಲ್ಲಿ ‘ಎಂಪರರ್ ಆಫ್ ದ ಸೀ’ ಹಿಂದಿಯಲ್ಲಿ ಬಂದದ್ದು ಕೆಲವರಿಗಾದರೂ ನೆನಪಿರಬಹುದು. ಒಂಬತ್ತನೇ ಶತಮಾನದಲ್ಲಿ ವಾಂಡೊ ದ್ವೀಪದಲ್ಲಿ ಠಾಣೆ ಹೂಡಿ, ಚೀನಾ ಜಪಾನ್‌ಗಳ ನಡುವಿನ ಕಡಲ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಜಾಂಗ್ ಬೊಗೊನ ಕಥೆ ಅದು. ಅದರಲ್ಲೂ ಒಬ್ಬಳು ಭಾರಿ ವ್ಯಾಪಾರಿಣಿ ಇದ್ದಳು, ಜಾಮಿ ಎಂಬ ಶ್ರೀಮಂತೆ. ಚೆಲುವೆ, ಬುದ್ಧಿವಂತೆ, ಕ್ರೂರಿ. ಹೆಣ್ಣು ವ್ಯಾಪಾರ ಮಾಡಿ ಗೆದ್ದಳೆಂದರೆ ಒಂದೋ ಅವಳು ಖಳನಾಯಕಿಯಾಗಬೇಕು, ಇಲ್ಲವೇ ಗಳಿಸಿದ್ದನ್ನೆಲ್ಲ ಕೊಟ್ಟುಬಿಡುವ ತಾಯಿಯಾಗಬೇಕು. ಜಾಮಿಗೆ ಮೊದಲನೆಯದು, ಮಾನ್‌ದೊಕ್‌ಗೆ ಎರಡನೆಯದು. ಲಾಭದ ಲೆಕ್ಕ ಹಾಕಿ ರಾತ್ರಿ ನೆಮ್ಮದಿಯಾಗಿ ಮಲಗುವ ವ್ಯಾಪಾರಿಣಿಯನ್ನು ತೆರೆಯ ಮೇಲೆ ನಾನಿನ್ನೂ ಕಂಡಿಲ್ಲ.

ನಿಜವಾದ ಮಾನ್‌ದೊಕ್ ಹಾಗೆ ಮಲಗಿದ್ದಳೆಂದು ನನ್ನ ನಂಬಿಕೆ. ಅವಳು ಬದುಕಿದ್ದಾಗಲೇ ಅವಳ ಚರಿತ್ರೆ ಬರೆದವನು ಛೇ ಜೆಗೊಂಗ್, ರಾಜ ಜೊಂಗ್‌ಜೊನ ಹಿರಿಯ ಮಂತ್ರಿ. ಅವನು ಬರೆದಿರುವಂತೆ, ಚಿಕ್ಕಂದಿನಲ್ಲೇ ತಂದೆತಾಯಿ ಕಳೆದುಕೊಂಡ ಹುಡುಗಿ ಒಬ್ಬ ಗಣಿಕೆಯ ಆಸರೆಯಲ್ಲಿ ಬೆಳೆದಳು. ಅವಳ ಹೆಸರೂ ಸರ್ಕಾರದ ಗಣಿಕೆಯರ ಪಟ್ಟಿಗೆ ಸೇರಿತು. ಇಪ್ಪತ್ತು ದಾಟಿದ ಮೇಲೆ ಅಧಿಕಾರಿಗಳ ಮುಂದೆ ಅತ್ತು ಬೇಡಿಕೊಂಡು ಹೆಸರು ತೆಗೆಸಿಕೊಂಡಳು. ಮದುವೆಯ ಗೋಜಿಗೆ ಹೋಗಲಿಲ್ಲ. ಸಂಪತ್ತು ಬೆಳೆಸುವುದರಲ್ಲಿ ಅವಳದು ಎತ್ತಿದ ಕೈ, ಯಾವ ಮಾಲಿನ ಬೆಲೆ ಏರುತ್ತದೆ, ಯಾವುದು ಇಳಿಯುತ್ತದೆ, ಯಾವಾಗ ಮಾರಬೇಕು, ಯಾವಾಗ ಹಿಡಿದಿಡಬೇಕು ಎಂದು ಚೆನ್ನಾಗಿ ಬಲ್ಲಳು ಎಂದು ಆ ಮಂತ್ರಿ ಒಪ್ಪಿ ಬರೆದಿದ್ದಾನೆ. ವಿದ್ವಾಂಸ, ರೈತ, ಕುಶಲಕರ್ಮಿ, ಕೊನೆಗೆ ವ್ಯಾಪಾರಿ ಎಂದು ಮನುಷ್ಯರನ್ನು ಸಾಲಾಗಿ ನಿಲ್ಲಿಸಿದ್ದ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ. ಅದಕ್ಕೂ ಒಂದು ಹಿನ್ನೆಲೆಯಿದೆ. ರಾಜಧಾನಿಯಲ್ಲಿ ಪರವಾನಗಿ ಪಡೆದ ಅಂಗಡಿಗಳವರು ಬೀದಿ ವ್ಯಾಪಾರಿಗಳನ್ನು ಓಡಿಸುವ ಹಕ್ಕು ಇಟ್ಟುಕೊಂಡಿದ್ದರು. 1791ರಲ್ಲಿ, ಆರು ದೊಡ್ಡ ಅಂಗಡಿಗಳ ಹೊರತು ಉಳಿದೆಲ್ಲರ ಆ ಹಕ್ಕನ್ನು ಕಿತ್ತುಹಾಕಿಸಿ ಸಣ್ಣ ವ್ಯಾಪಾರಕ್ಕೆ ದಾರಿ ಬಿಡಿಸಿದವನು ಇದೇ ಛೇ ಜೆಗೊಂಗ್. ಪೇಟೆ ಹೇಗೆ ನಡೆಯುತ್ತದೆಂದು ತಿಳಿದಿದ್ದವನು ಮಾನ್‌ದೊಕ್‌ಳ ಚರಿತ್ರೆ ಬರೆದ. ಅದು ಅವಳ ಅದೃಷ್ಟ.

ಅವಳು ಮಾರುತ್ತಿದ್ದದ್ದಾದರೂ ಏನು? ಜೇಜು ಜ್ವಾಲಾಮುಖಿಯ ನೆಲ. ನೀರು ನಿಲ್ಲುವುದಿಲ್ಲ, ಭತ್ತ ಒಗ್ಗುವುದಿಲ್ಲ. ಅಕ್ಕಿ, ಬಟ್ಟೆ, ಉಪ್ಪು ಕಡಲಾಚೆಯಿಂದ ಬರಬೇಕಿತ್ತು. ಪ್ರತಿಯಾಗಿ ದ್ವೀಪದಿಂದ ಹೋಗುತ್ತಿದ್ದದ್ದು ಕಡಲಸೊಪ್ಪು, ಮುಳುಗುಗಾರ್ತಿಯರು ಉಸಿರು ಕಟ್ಟಿ ಕಿತ್ತು ತರುವ ಅಬಲೋನ್ ಚಿಪ್ಪುಮಾಂಸ, ಕಿತ್ತಳೆ, ಜಿಂಕೆಯ ಎಳೆಕೊಂಬು, ಕುದುರೆಯ ಕೂದಲು. ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಲೇಬೇಕು.

ಹದಿಮೂರನೇ ಶತಮಾನದಲ್ಲಿ ಮಂಗೋಲರು ಜೇಜುವಿನಲ್ಲಿ ಕುದುರೆ ಸಾಕಣೆ ಬೆಳೆಸಿದರು. ಕುದುರೆಯ ಬಾಲದ, ಕೇಸರದ ಕೂದಲು ಅಲ್ಲಿನ ಹೆಂಗಸರ ಕೈಗೆ ಬಂತು. ಕೊರಿಯಾದ ಧಾರಾವಾಹಿಗಳಲ್ಲಿ ಗಂಡಸರು ಧರಿಸುವ ಅಗಲ ಅಂಚಿನ ಕಪ್ಪು ಟೋಪಿ ನೋಡಿರುತ್ತೀರಿ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಕಿಂಗ್‌ಡಮ್’ ಬಂದಾಗ ಜಗತ್ತಿನ ಎಲ್ಲ ಕಡೆ ಜನ ಕಥೆಯ ಪಿಶಾಚಿಗಳಿಗಿಂತ ಹೆಚ್ಚಾಗಿ ಈ ಟೋಪಿಗಳ ಬಗ್ಗೆಯೇ ಮಾತಾಡಿದರು. ಅದರ ಹೆಸರು ಗಾತ್. ಅಂಚನ್ನು ಕೂದಲಿನಷ್ಟು ಸಣ್ಣಗೆ ಸೀಳಿದ ಬಿದಿರಿನ ಎಳೆಗಳಿಂದ ಹೆಣೆಯುತ್ತಾರೆ, ಮೇಲಿನ ಕೊಳವೆಯನ್ನು ಕುದುರೆ ಕೂದಲಿನಿಂದ. ಹೆಣಿಗೆ ಎಷ್ಟು ತೆಳುವೆಂದರೆ ಒಳಗಿನ ಜುಟ್ಟು ಹೊರಗೆ ಕಾಣುತ್ತದೆ. ಟೋಪಿಯ ಕೆಳಗೆ ಹಣೆಯ ಸುತ್ತ ಬಿಗಿದು ಕಟ್ಟುವ ಪಟ್ಟಿ ಮಾಂಗೊನ್, ಅದೂ ಕುದುರೆ ಕೂದಲಿನದೇ. ಮದುವೆಯಾದ ಮರ್ಯಾದಸ್ಥ ಗಂಡಸು ಆಗ ಅದಿಲ್ಲದೆ ಹೊಸ್ತಿಲು ದಾಟುವಂತಿರಲಿಲ್ಲ. ದಕ್ಷಿಣ ಕೊರಿಯಾ ಸರ್ಕಾರ 1964ರಲ್ಲೇ ಈ ಟೋಪಿಯ ಕಸುಬನ್ನು ರಾಷ್ಟ್ರೀಯ ಪರಂಪರೆಯೆಂದು ಗುರುತಿಸಿ ಕಾಪಾಡಿಕೊಂಡು ಬಂದಿದೆ.

ಇಡೀ ದೇಶದ ಗಂಡಸರ ಹಣೆಯ ಮೇಲಿನ ಮರ್ಯಾದೆ ಒಂದು ದ್ವೀಪದ ಕುದುರೆಗಳ ಬಾಲದಿಂದ ಬರುತ್ತಿತ್ತು ಎಂಬುದನ್ನು ಆ ಕಾಲದ ಒಬ್ಬ ದೊಡ್ಡ ಲೇಖಕ ಗಮನಿಸಿದ್ದ. 1780ರಲ್ಲಿ ಚೀನಾಕ್ಕೆ ಹೋಗಿಬಂದ ಪಾಕ್ ಜಿವೊನ್ ತನ್ನ ಪ್ರವಾಸಕಥನದಲ್ಲಿ ಹೊ ಸೆಂಗ್ ಎಂಬ ಬಡ ವಿದ್ವಾಂಸನ ಕಥೆ ಸೇರಿಸಿದ್ದಾನೆ. ಹೆಂಡತಿಯ ಕಟುಮಾತು ಕೇಳಲಾರದೆ ಪುಸ್ತಕ ಮುಚ್ಚಿಟ್ಟು ಹೊರಟ ಹೊ ಸೆಂಗ್, ಊರಿನ ಶ್ರೀಮಂತನಿಂದ ಹತ್ತು ಸಾವಿರ ಸಾಲ ತೆಗೆದು ಮೊದಲು ಹಣ್ಣುಗಳನ್ನು, ಆಮೇಲೆ ಜೇಜುವಿಗೆ ಹೋಗಿ ಅಲ್ಲಿನ ಕುದುರೆ ಕೂದಲನ್ನು ಪೂರ್ತಿ ಖರೀದಿಸಿಬಿಡುತ್ತಾನೆ. ಮಾಂಗೊನ್ ಬೆಲೆ ಹತ್ತುಪಟ್ಟು ಏರುತ್ತದೆ. ಹತ್ತು ಸಾವಿರ ಕೈಯಲ್ಲಿದ್ದರೆ ಅಲ್ಲಾಡಿಸಬಹುದಾದಷ್ಟು ದುರ್ಬಲ ದೇಶ ಇದು ಎಂದು ಅವನಿಗೇ ದುಃಖವಾಗುತ್ತದೆ. ಪಾಕ್ ಜಿವೊನ್ ಈ ಕಥೆ ಬರೆಯುತ್ತಿದ್ದ ಕಾಲಕ್ಕೆ ನಿಜವಾದ ದ್ವೀಪದಲ್ಲಿ ಮಾನ್‌ದೊಕ್ ನಾಲ್ವತ್ತರ ಹರೆಯದಲ್ಲಿ ಅದೇ ಪೇಟೆಯಲ್ಲಿ ಕೂತಿದ್ದಳು. ಧಾರಾವಾಹಿ ಮಾಡಿದವರು ಈ ಎರಡನ್ನೂ ಒಂದೇ ಕಂತಿನಲ್ಲಿ ಕೂಡಿಸಿದ್ದರೆ ಎಂಥ ಕಥೆಯಾಗುತ್ತಿತ್ತು! ನಮ್ಮಮ್ಮನಿಗೆ ಖಂಡಿತ ಹಿಡಿಸುತ್ತಿತ್ತು.

ಇನ್ನು ಬರಗಾಲ. 1790ರ ದಶಕದ ಮೊದಲ ವರ್ಷಗಳಲ್ಲಿ ಜೇಜುವಿನಲ್ಲಿ ಬೆಳೆ ಮೇಲಿಂದ ಮೇಲೆ ಕೈಕೊಟ್ಟಿತು. 1794ರಲ್ಲಿ ಬಿರುಗಾಳಿ ಹೊಲಗಳನ್ನು ಬಳಿದುಹಾಕಿತು. ದ್ವೀಪದ ಅಧಿಕಾರಿ ಶಿಮ್ ನಾಕ್‌ಸು ಇಪ್ಪತ್ತು ಸಾವಿರ ಸೊಮ್‌ಗೂ (ಸೊಮ್ ಅಂದರೆ ಧಾನ್ಯ ಅಳೆಯುವ ಅಲ್ಲಿನ ಮಾಪ) ಹೆಚ್ಚು ಧಾನ್ಯ ಕಳಿಸಿಕೊಡಬೇಕೆಂದು ರಾಜಧಾನಿಗೆ ಮೊರೆಯಿಟ್ಟ. ಮಾರನೆಯ ವರ್ಷ ಧಾನ್ಯದ ಹಡಗುಗಳು ಹೊರಟವು, ಕೆಲವು ದಾರಿಯಲ್ಲೇ ಮುಳುಗಿದವು. ಆಗ ಮಾನ್‌ದೊಕ್ ತನ್ನ ಹಣ ತೆಗೆದು ಕಡಲಾಚೆಯ ಜಿಲ್ಲೆಗಳಿಂದ ಅಕ್ಕಿ ತರಿಸಿದಳು. ಹತ್ತರಲ್ಲಿ ಒಂದು ಪಾಲನ್ನು ನೆಂಟರಿಷ್ಟರಿಗೆ ಕೊಟ್ಟು ಉಳಿದದ್ದನ್ನು ಸರ್ಕಾರದ ಗಂಜಿಕೇಂದ್ರಕ್ಕೆ ಒಪ್ಪಿಸಿದಳು. ಒಟ್ಟು 500 ಸೊಮ್ ಎಂದು ಜೇಜುವಿನ ಜನ ಇಂದಿಗೂ ಹೇಳುತ್ತಾರೆ. ಹಸಿದ ದ್ವೀಪಕ್ಕೆ ಅಕ್ಕಿ ಮುಟ್ಟಿಸಲು ಹಣವೊಂದಿದ್ದರೆ ಸಾಲದು. ಯಾವ ಊರಿನಲ್ಲಿ ಅಕ್ಕಿಯಿದೆ, ಯಾರ ಹಡಗು ಗಟ್ಟಿ, ಯಾವ ಗಾಳಿಗೆ ಹೊರಡಬೇಕು ಎಂದು ತಿಳಿದಿರಬೇಕು. ಜನ ಉಳಿದದ್ದರಲ್ಲಿ ಅವಳ ದಾನಬುದ್ಧಿಯದು ಎಷ್ಟು ಪಾಲೋ, ಜೀವಮಾನವೆಲ್ಲ ಕಲಿತ ವ್ಯಾಪಾರದ್ದೂ ಅಷ್ಟೇ ಪಾಲು. ಧಾರಾವಾಹಿ ಮೊದಲನೆಯದನ್ನು ಕಣ್ತುಂಬ ತೋರಿಸುತ್ತದೆ. ಎರಡನೆಯದಕ್ಕೆ ಸಾಕಷ್ಟು ಜಾಗ ಕೊಡುವುದಿಲ್ಲ ಎಂಬುದೇ ನನ್ನ ತಕರಾರು.

ಮಾನ್‌ದೊಕ್ ಬಗ್ಗೆ ಒಳ್ಳೆಯದನ್ನು ಬರೆದವರು ಅನೇಕರು. ಕೆಟ್ಟದ್ದನ್ನು ಬರೆದವನು ಒಬ್ಬ, ಅದೇ ಶಿಮ್ ನಾಕ್‌ಸುವಿನ ಮಗ ಶಿಮ್ ನೊಸುಂಗ್. ಅಪ್ಪನ ಜೊತೆ ಜೇಜುವಿನಲ್ಲಿ ಕೆಲಕಾಲ ಇದ್ದವನು. ಬೇರೊಬ್ಬ ಹಾಡುಗಾರ್ತಿಯ ಚರಿತ್ರೆ ಬರೆಯುತ್ತಾ ಅವನು ಮಾನ್‌ದೊಕ್‌ಳ ಮೇಲೆ ಹರಿಹಾಯುತ್ತಾನೆ. ಅವಳು ಪರಮ ಜಿಪುಣಿ, ಹಣವಿದ್ದವನ ಹಿಂದೆ ಹೋಗಿ, ಹಣ ತೀರಿದ ಮೇಲೆ ಅವನು ಉಟ್ಟ ಚಲ್ಲಣವನ್ನೂ ಬಿಡದೆ ಕಿತ್ತುಕೊಳ್ಳುವವಳು. ಹಾಗೆ ಕೂಡಿಬಿದ್ದ ನೂರಾರು ಚಲ್ಲಣಗಳನ್ನು ಅಂಗಳದಲ್ಲಿ ಸಾಲಾಗಿ ಬಿಸಿಲಿಗೆ ಹಾಕುತ್ತಿದ್ದಳು. ಅನ್ನ ಬೇಡಿ ಬಂದ ಒಡಹುಟ್ಟಿದವನನ್ನೂ ಕಣ್ಣೆತ್ತಿ ನೋಡಲಿಲ್ಲ. ಬರದಲ್ಲಿ ಅಕ್ಕಿ ಕೊಟ್ಟದ್ದು ರಾಜಧಾನಿ, ಕುಮ್‌ಗಾಂಗ್ ಬೆಟ್ಟ ನೋಡುವ ಆಸೆಯಿಂದ. ಇದು ಅವನ ಸಾಕ್ಷಿ.

ಧಾರಾವಾಹಿಯವರು ಇದನ್ನು ಮುಟ್ಟಲೇ ಇಲ್ಲ. ನನಗಾದರೋ ಆ ಬಿಸಿಲಿಗೆ ಹಾಕಿದ ಚಲ್ಲಣಗಳ ಮೇಲೆಯೇ ಕಣ್ಣು. ಶಿಮ್ ನೊಸುಂಗ್ ಹೇಳಿದ್ದು ಪೂರಾ ನಿಜವೆಂದೇ ಇಟ್ಟುಕೊಳ್ಳೋಣ. ಹೆತ್ತವರಿಲ್ಲದ ಹುಡುಗಿ, ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ಅಧಿಕಾರಿಗಳ ಔತಣದಲ್ಲಿ ಕುಣಿಯಬೇಕಾದವಳು, ಬಂದವನ ಜೇಬು ಖಾಲಿಯಾಗುವವರೆಗೆ ವಸೂಲು ಮಾಡಿದಳೆಂದರೆ ಅದರಲ್ಲಿ ಆಶ್ಚರ್ಯವೇನು? ಹಳೆಯ ಬಟ್ಟೆಗೂ ಬೆಲೆಯಿದೆ ಎಂದು ಅವಳಿಗೆ ಗೊತ್ತಿತ್ತು. ಬಟ್ಟೆ ಹೊರಗಿನಿಂದ ಬರಬೇಕಾದ ದ್ವೀಪ ಅದು. ಆ ಅಂಗಳದಲ್ಲಿ ಒಣಗುತ್ತಿದ್ದದ್ದು ಅವಳ ಮೊದಲ ಬಂಡವಾಳ. ಕಾಸಿಗೆ ಕಾಸು ಕೂಡಿಸುವುದನ್ನು ಅಷ್ಟು ಕಠಿಣವಾಗಿ ಕಲಿತವಳು ಐವತ್ತೈದು ದಾಟಿದ ಮೇಲೆ ಕೂಡಿಟ್ಟದ್ದನ್ನು ಹೊರತೆಗೆದಳು ಎಂದರೆ ಅವಳ ಮೇಲಿನ ನನ್ನ ಗೌರವ ಇಮ್ಮಡಿಯಾಗುತ್ತದೆ. ಹುಟ್ಟಾ ಉದಾರಿ ಕೊಟ್ಟರೆ ಅದು ಅವಳ ಸ್ವಭಾವ. ಚಲ್ಲಣ ಬಿಡದವಳು ಕೊಟ್ಟರೆ ಅದು ನಿರ್ಧಾರ. ಬೆಟ್ಟ ನೋಡುವ ಆಸೆಗೆ ಕೊಟ್ಟಳು ಎಂಬ ಆಪಾದನೆಯಂತೂ ನನ್ನ ಕಣ್ಣಲ್ಲಿ ಆಪಾದನೆಯೇ ಅಲ್ಲ. ಅಕ್ಕಿ ಉಂಡು ಬದುಕಿದವರು ಬದುಕಿದರು.

ಆ ಆಸೆ ಎಂಥದೆಂದು ತಿಳಿಯಬೇಕಾದರೆ ಕಾನೂನು ತಿಳಿಯಬೇಕು. ಅಬಲೋನ್, ಕಿತ್ತಳೆ, ಕುದುರೆ ಎಂದು ಅರಮನೆಗೆ ಸಲ್ಲಿಸಬೇಕಾದ ಕಪ್ಪದ ಹೊರೆ ತಾಳಲಾರದೆ ಜೇಜುವಿನ ಜನ ದ್ವೀಪ ಬಿಟ್ಟು ಓಡುತ್ತಿದ್ದರು. 1629ರಲ್ಲಿ ಸರ್ಕಾರ ಅಪ್ಪಣೆಯಿಲ್ಲದೆ ದ್ವೀಪ ಬಿಡುವುದನ್ನೇ ನಿಷೇಧಿಸಿತು. ಹೆಂಗಸರ ಮೇಲೆ ನಿಷೇಧ ಇನ್ನೂ ಬಿಗಿ. ಅದು ಸುಮಾರು ಇನ್ನೂರು ವರ್ಷ ನಡೆಯಿತು. ಮಾನ್‌ದೊಕ್‌ಳ ಮಾಲು ಕಡಲು ದಾಟುತ್ತಿತ್ತು, ಅವಳ ಹಣ ದಾಟುತ್ತಿತ್ತು, ಅವಳ ಮಾತಿನ ಮೇಲೆ ಹಡಗುಗಳು ಹೋಗಿಬರುತ್ತಿದ್ದವು. ಅವಳು ಮಾತ್ರ ದಡದಲ್ಲೇ.

ಅದೇ ಬರದಲ್ಲಿ 300 ಸೊಮ್ ಧಾನ್ಯ ಕೊಟ್ಟ ಗೊ ಹನ್‌ರೊಕ್ ಎಂಬ ಗಂಡಸಿಗೆ ಸರ್ಕಾರಿ ಹುದ್ದೆ ಸಿಕ್ಕಿತು. ಹೆಂಗಸಿಗೆ ಹುದ್ದೆ ಕೊಡುವಂತಿರಲಿಲ್ಲ. ಏನು ಬೇಕೋ ಕೇಳಲಿ ಎಂದು ರಾಜ ಹೇಳಿಕಳಿಸಿದ. ಬೇರೇನೂ ಬೇಡ, ಒಮ್ಮೆ ರಾಜಧಾನಿಗೆ ಹೋಗಿ ಅರಸನಿರುವ ಜಾಗ ನೋಡಬೇಕು, ಆಮೇಲೆ ಕುಮ್‌ಗಾಂಗ್ ಬೆಟ್ಟದ ಹನ್ನೆರಡು ಸಾವಿರ ಶಿಖರಗಳನ್ನು ನೋಡಬೇಕು ಎಂದು ಅವಳು ತಿಳಿಸಿದಳು. ನೆಲ ಕೇಳಲಿಲ್ಲ, ಬಿರುದು ಕೇಳಲಿಲ್ಲ, ತೆರಿಗೆ ಮಾಫಿ ಕೇಳಲಿಲ್ಲ. ಜೀವನವಿಡೀ ಬೆಲೆ ಕಟ್ಟಿದವಳು, ತನಗೆ ದುಡ್ಡಿನಿಂದ ಕೊಳ್ಳಲಾಗದೆ ಉಳಿದ ಒಂದೇ ವಸ್ತುವನ್ನು ಸರಿಯಾಗಿ ಗುರುತಿಸಿ ಕೇಳಿದಳು. ಇಷ್ಟು ಜಾಣ ವ್ಯಾಪಾರವನ್ನು ನಾನು ಬೇರೆಲ್ಲೂ ಓದಿಲ್ಲ.

1796ರ ಶರತ್ಕಾಲದಲ್ಲಿ ಅವಳು ಹಡಗು ಹತ್ತಿದಳು. ಸಾಮಾನ್ಯ ಹೆಂಗಸು ಅರಮನೆಯೊಳಗೆ ಕಾಲಿಡುವಂತಿರಲಿಲ್ಲವಾದ್ದರಿಂದ ಅರಮನೆಯ ವೈದ್ಯಸ್ತ್ರೀಯರ ಮುಖ್ಯಸ್ಥೆ ಎಂಬ ಹೆಸರಿನ ಹುದ್ದೆ ಕೊಟ್ಟು ಒಳಗೆ ಕರೆಸಿಕೊಂಡರು. ಚಳಿಗಾಲ ರಾಜಧಾನಿಯಲ್ಲಿ ಕಳೆಯಿತು. ಇಡೀ ನಗರ ಅವಳ ಮುಖ ನೋಡಲು ನೂಕುನುಗ್ಗಲು ಮಾಡಿತು. 1797ರ ವಸಂತದಲ್ಲಿ ಅವಳು ಕುಮ್‌ಗಾಂಗ್ ಹತ್ತಿದಳು. ಬೌದ್ಧರ ವಜ್ರದ ಹೆಸರು ಹೊತ್ತ ಬೆಟ್ಟ ಅದು, ಕಣಿವೆ ಕಣಿವೆಗೂ ವಿಹಾರ. ಬುದ್ಧನ ವಿಗ್ರಹ ಸಿಕ್ಕಲ್ಲೆಲ್ಲ ಅವಳು ಅಡ್ಡಬಿದ್ದು ಪೂಜೆ ಸಲ್ಲಿಸಿದಳಂತೆ. ಐವತ್ತೆಂಟನೇ ವಯಸ್ಸಿನಲ್ಲಿ ಅವಳು ಗುಡಿ, ವಿಗ್ರಹಗಳನ್ನು ಮೊದಲ ಸಲ ಕಂಡದ್ದು ಎಂದು ಛೇ ಜೆಗೊಂಗ್ ಬರೆಯುತ್ತಾನೆ. ಊರಿಗೆ ಹೊರಟಾಗ, ಇನ್ನು ಈ ಜನ್ಮದಲ್ಲಿ ನಿಮ್ಮ ಮುಖ ನೋಡಲಾರೆನೆಂದು ಅವಳು ಅತ್ತದ್ದನ್ನೂ ಬರೆಯುತ್ತಾನೆ. ಜೇಜುವಿನ ಹಲ್ಲಾ ಬೆಟ್ಟದ ನೀರು ಕುಡಿದು, ಕುಮ್‌ಗಾಂಗನ್ನೂ ಕಂಡವರು ಗಂಡಸರಲ್ಲಾದರೂ ಎಷ್ಟು ಜನರಿದ್ದಾರೆ ಎಂದು ಆ ಎಪ್ಪತ್ತು ದಾಟಿದ ಮಂತ್ರಿ ಸಮಾಧಾನ ಹೇಳಿ, ತಾನು ಬರೆದ ಚರಿತ್ರೆಯನ್ನು ಅವಳ ಕೈಗಿತ್ತು ಕಳಿಸಿದ.

ಮುಂದೆ 1830ರಲ್ಲಿ ಕಿಮ್ ಗುಮ್‌ವೊನ್ ಎಂಬ ಹದಿನಾಲ್ಕರ ಹುಡುಗಿ ಇದೇ ಬೆಟ್ಟ ನೋಡಲು ಗಂಡುವೇಷ ಹಾಕಿಕೊಂಡು ಹೋದಳು, ದೊಡ್ಡವಳಾದ ಮೇಲೆ ಅದನ್ನು ಪುಸ್ತಕವಾಗಿ ಬರೆದಳು. ಅವಳದು ಬೇರೆ ದಾರಿ. ಅವಳ ಕಥೆಯೂ ಒಂದು ಧಾರಾವಾಹಿಗೆ ಸಾಲುತ್ತದೆ.

ಜೇಜುವಿನಲ್ಲಿ ಈಗ ಮಾನ್‌ದೊಕ್‌ಳ ಸಮಾಧಿ ಸಾರಾಬೊಂಗ್ ಗುಡ್ಡದ ಬಳಿಯಿದೆ, 2015ರಲ್ಲಿ ತೆರೆದ ಸ್ಮಾರಕ ಭವನವೂ ಇದೆ, ಅವಳ ಹೆಸರಿನಲ್ಲಿ 1980ರಿಂದ ಹೆಣ್ಣುಮಕ್ಕಳಿಗೆ ಪ್ರಶಸ್ತಿ ಕೊಡುತ್ತಾರೆ. ಧಾರಾವಾಹಿಯನ್ನು ಸಿಕ್ಕರೆ ನೋಡಿ. ಪ್ರೇಮದ ಕಂತುಗಳನ್ನು ಓಡಿಸಿದರೂ ನಷ್ಟವಿಲ್ಲ, ಗೊ ದುಶಿಮ್ ಬರುವ ದೃಶ್ಯಗಳನ್ನು ಮಾತ್ರ ಬಿಡಬೇಡಿ. ಕುಮ್‌ಗಾಂಗ್ ಇಂದು ಉತ್ತರ ಕೊರಿಯಾದಲ್ಲಿದೆ. 1998ರಲ್ಲಿ ದಕ್ಷಿಣದವರಿಗೆ ಶುರುವಾಗಿದ್ದ ಅಲ್ಲಿನ ಪ್ರವಾಸ, ಒಬ್ಬ ಪ್ರವಾಸಿಗೆ ಸೈನಿಕನ ಗುಂಡು ತಗುಲಿ ಸಾವಾದ ಮೇಲೆ 2008ರ ಜುಲೈನಲ್ಲಿ ನಿಂತುಹೋಯಿತು. 2010ರಲ್ಲಿ ಮಾನ್‌ದೊಕ್‌ಳ ಕಥೆಯನ್ನು ಮನೆಯಲ್ಲಿ ಕೂತು ನೋಡಿದ ದಕ್ಷಿಣ ಕೊರಿಯಾದವರು ಯಾರೂ ಆಗ ಆ ಬೆಟ್ಟಕ್ಕೆ ಪ್ರವಾಸ ಹೋಗುವಂತಿರಲಿಲ್ಲ. ಆ ಪ್ರವಾಸ ಇನ್ನೂ ಮತ್ತೆ ಶುರುವಾಗಿಲ್ಲ.